ಪುರಸಭೆ ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ?

ಆಡಳಿತಸಂಸ್ಥೆಗಳ ಪೈಕಿ ಮನುಷ್ಯನ ನಿತ್ಯಜೀವನಕ್ಕೆ ಅತ್ಯಂತ ನಿಕಟವಾದುದು ಪುರಸಭೆ. ಬೆಳಗಿನ ಜಾವ ನಲ್ಲಿಗೆ ಬರುವ ನೀರು, ಬಾಗಿಲ ಮುಂದಿನ ಚರಂಡಿ, ಮಕ್ಕಳು ಶಾಲೆಗೆ ನಡೆದುಹೋಗುವ ರಸ್ತೆ, ಸಂಜೆಯ ಬೀದಿದೀಪ, ವಾರದ ಸಂತೆ, ಶಿಶುವಿನ ಜನನದ ನೋಂದಣಿ, ಕಡೆಗೆ ಊರ ಸ್ಮಶಾನ, ಇವೆಲ್ಲ ಅದರ ಕಾರ್ಯಕ್ಷೇತ್ರಕ್ಕೆ ಸೇರಿದುವು. ಹೀಗಿದ್ದರೂ, ದೆಹಲಿ ಬೆಂಗಳೂರುಗಳ ರಾಜಕೀಯವನ್ನು ದಿನವೂ ಚರ್ಚಿಸುವ ವಿದ್ಯಾವಂತರಲ್ಲಿ ಕೂಡ ತಮ್ಮ ಪಟ್ಟಣದ ಪುರಸಭೆಯ ಆಯವ್ಯಯ ಪತ್ರವನ್ನು ಒಂದು ಸಲವಾದರೂ ಓದಿದವರು ವಿರಳ. ಇದನ್ನು ಜನರ ಔದಾಸೀನ್ಯವೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ಆ ಪತ್ರವನ್ನು ಪ್ರತಿಯೊಂದು ವಾರ್ಡಿನಲ್ಲಿಯೂ ಜನರ ಮುಂದಿಟ್ಟು, ಇದು ನಿಮ್ಮ ಹಣದ ಲೆಕ್ಕ, ಪರಾಂಬರಿಸಿ ಎಂದು ಹೇಳುವ ಸಂಪ್ರದಾಯವನ್ನು ನಾವು ಬೆಳೆಸಲಿಲ್ಲವೆಂಬುದನ್ನು ಮರೆಯುವಂತಿಲ್ಲ. ಆ ಸಂಪ್ರದಾಯವನ್ನು ಬೆಳೆಸುವುದೇ ಇಂದು ಪುರಸಭೆಯ ಪ್ರಥಮ ಕರ್ತವ್ಯವೆಂದು ನಾನು ನಂಬಿದ್ದೇನೆ.

ಪುರಸಭೆಯ ಕರ್ತವ್ಯಗಳೇನೆಂಬ ವಿಷಯದಲ್ಲಿ ಶಾಸನಕ್ಕೆ ಸಂದಿಗ್ಧವಿಲ್ಲ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವು ನೀರು, ನೈರ್ಮಲ್ಯ, ದೀಪ, ರಸ್ತೆ ಮೊದಲಾದುವನ್ನು ಕಡ್ಡಾಯವಾದ ಕರ್ತವ್ಯಗಳೆಂದು ಎಣಿಸಿ, ಉದ್ಯಾನ, ಗ್ರಂಥಾಲಯ ಮುಂತಾದುವನ್ನು ಸಭೆಯ ವಿವೇಚನೆಗೆ ಬಿಟ್ಟಿದೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯಾದರೋ, ಹನ್ನೆರಡನೆಯ ಅನುಸೂಚಿಯ ಮೂಲಕ 18 ವಿಷಯಗಳನ್ನು ನಗರಾಡಳಿತಕ್ಕೆ ವಹಿಸಬಹುದಾದುವೆಂದು ಪಟ್ಟಿ ಮಾಡಿತು. ಈ ಪಟ್ಟಿಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇವುಗಳಲ್ಲಿ ಬಹುಭಾಗ ಒಮ್ಮೆ ಮಾಡಿ ಮುಗಿಸುವ ಕೆಲಸಗಳಲ್ಲ, ದಿನದಿನವೂ ತಪ್ಪದೆ ನಡೆಯಬೇಕಾದ ಕೆಲಸಗಳು. ಶಂಕುಸ್ಥಾಪನೆಗೂ ಉದ್ಘಾಟನೆಗೂ ಒದಗುವ ಕಾಮಗಾರಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಚರಂಡಿಯ ಹೂಳನ್ನು ಮಳೆಗಾಲಕ್ಕೆ ಮುಂಚೆ ತೆಗೆಸಿದ ಮುಖ್ಯಾಧಿಕಾರಿಯ ಶ್ರಮ, ಪ್ರವಾಹವಾಗಲಿಲ್ಲವೆಂಬ ಕಾರಣದಿಂದಲೇ, ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ನೀರಿನ ವಿಷಯವನ್ನೇ ತೆಗೆದುಕೊಳ್ಳೋಣ. ನಮ್ಮ ಅನೇಕ ಪಟ್ಟಣಗಳಲ್ಲಿ ನೀರು ಎರಡು ಮೂರು ದಿನಗಳಿಗೊಮ್ಮೆ ಬರುತ್ತದೆ. ನಸುಕಿನಲ್ಲಿ ನೀರುಗಂಟಿ ಬಂದು, ರಸ್ತೆಯ ಗುಂಡಿಯೊಳಗಿನ ವಾಲ್ವನ್ನು ತಿರುಗಿಸಿದ ಮೇಲೆ ಇಳಿಜಾರಿನ ಮನೆಗಳ ಸಂಪುಗಳು ಮೊದಲು ತುಂಬುತ್ತವೆ. ದಿಬ್ಬದ ಮೇಲಿನ ಕೊನೆಯ ಮನೆಗಳಲ್ಲಿ, ಪ್ರಾಯಶಃ ಕೂಲಿಯವರು ವಾಸಿಸುವ ಕೇರಿಯಲ್ಲಿ, ನಲ್ಲಿ ಸ್ವಲ್ಪ ಹೊತ್ತು ಸಣ್ಣಗೆ ಹರಿದು ನಿಲ್ಲುತ್ತದೆ, ಮತ್ತು ಕೆಲಸಕ್ಕೆ ಹೊರಡಬೇಕಾದ ಹೆಂಗಸು ಅರ್ಧ ತುಂಬಿದ ಕೊಡವನ್ನು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಪಟ್ಟಣಕ್ಕೆ ಒಟ್ಟು ಎಷ್ಟು ಲಕ್ಷ ಲೀಟರು ಪೂರೈಕೆಯಾಯಿತೆಂಬ ಅಂಕಿ ಈ ತಾರತಮ್ಯವನ್ನು ತೋರಿಸಲಾರದು. ಅದನ್ನು ಬಲ್ಲವಳು ಆ ಹೆಂಗಸು. ಆಕೆಯ ಮಾತು ಸಭೆಯ ನಡವಳಿಯಲ್ಲಿ ದಾಖಲಾಗುವ ಮಾರ್ಗವೊಂದು ಇರಬೇಕು.

ನೈರ್ಮಲ್ಯದ ವಿಷಯದಲ್ಲಿ ಹೊಣೆ ಪರಸ್ಪರವಾದುದು. 1970ರ ದಶಕದ ಆರಂಭದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಿಷೇಧಿಸಿದಾಗ, ಪಟ್ಟಣದ ಶುಚಿತ್ವವು ಒಂದು ವರ್ಗದ ಜನರ ಅವಮಾನದ ಮೇಲೆ ನಿಲ್ಲಲಾಗದೆಂಬ ಧರ್ಮವನ್ನು ಈ ನಾಡಿನ ಆಡಳಿತ ಅಂಗೀಕರಿಸಿತು. ಆದರೆ ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರಲ್ಲಿಯೇ ಘನತ್ಯಾಜ್ಯ ನಿಯಮಗಳು ವಿಧಿಸಿದ್ದರೂ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗಾಡಿಗೆ ಎಸೆಯುವವರು ಇಂದಿಗೂ ಇದ್ದಾರೆ. ಒಡೆದ ಗಾಜನ್ನೂ ಕೊಳೆತ ಅನ್ನವನ್ನೂ ಬೇರ್ಪಡಿಸುವ ಪೌರಕಾರ್ಮಿಕನ ಕೈ ಅದರ ಫಲವನ್ನು ಅನುಭವಿಸುತ್ತದೆ. ಕೈಗವಸನ್ನು ಒದಗಿಸದ ಪುರಸಭೆ ಎಷ್ಟು ದೋಷಿಯೋ, ಕಸವನ್ನು ಬೇರ್ಪಡಿಸದ ಗೃಹಸ್ಥನೂ ಅಷ್ಟೇ ದೋಷಿ. ಇವರಿಬ್ಬರೂ ಮುಖಾಮುಖಿಯಾಗಿ ಮಾತನಾಡುವ ಸ್ಥಳವೆಲ್ಲಿದೆ?

ಹಳ್ಳಿಯಲ್ಲಿದೆ. ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಗೆ ಸಂವಿಧಾನವೇ ಸ್ಥಾನ ಕೊಟ್ಟಿದೆ. ಮೂರು ಲಕ್ಷ ಅಥವಾ ಅದಕ್ಕೆ ಮೀರಿದ ಜನಸಂಖ್ಯೆಯುಳ್ಳ ನಗರಗಳಿಗೆ ವಾರ್ಡು ಸಮಿತಿಗಳನ್ನು ಸಂವಿಧಾನವೇ ವಿಧಿಸಿದೆ. ಇವೆರಡರ ನಡುವೆ, ಇಪ್ಪತ್ತರಿಂದ ಐವತ್ತು ಸಾವಿರ ಜನರಿರುವ ಪುರಸಭೆಯ ಪಟ್ಟಣಕ್ಕೆ ಅಂಥ ಕಡ್ಡಾಯವಾದ ಏರ್ಪಾಡನ್ನು ಸಂವಿಧಾನ ಹೇಳಿಲ್ಲ. ಆಯವ್ಯಯ ಮಂಡನೆಗೆ ಮುನ್ನ ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುವ ಪದ್ಧತಿಯೇನೋ ಉಂಟು, ಮತ್ತು ಅದು ಶ್ಲಾಘ್ಯವೇ; ಆದರೆ ಅಲ್ಲಿ ಕೇಳುವುದು ಮುಂದಿನ ವರ್ಷದ ಸಲಹೆಗಳನ್ನು, ಹಿಂದಿನ ವರ್ಷದ ಲೆಕ್ಕ ಒಪ್ಪಿಸುವುದು ಅದರ ಉದ್ದೇಶವಲ್ಲ.

ಇಂಥ ಲೆಕ್ಕಕ್ಕೆ ಮೊದಲು ಬೇಕಾದುದು ಲೆಕ್ಕ ಒಪ್ಪಿಸತಕ್ಕ ಚುನಾಯಿತ ಸಭೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂಬುದು ಸಂವಿಧಾನದ ಆಜ್ಞೆ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ದೃಢಪಡಿಸಿದೆ. ಆದಾಗ್ಯೂ 2018ರಲ್ಲಿ ಚುನಾವಣೆ ನಡೆದ ನಮ್ಮ ಬಹುಸಂಖ್ಯೆಯ ಪಟ್ಟಣಗಳಲ್ಲಿ, ಅಧ್ಯಕ್ಷ ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವ್ಯಾಜ್ಯದಿಂದಾಗಿ, ಗೆದ್ದ ಸದಸ್ಯರು 2020ರವರೆಗೂ ಅಧಿಕಾರವಿಲ್ಲದೆ ಕಾದರು. ಆಡಳಿತಾಧಿಕಾರಿಗಳೇ ಪಟ್ಟಣಗಳನ್ನು ನೋಡಿಕೊಂಡರು. ಅಧಿಕಾರಿ ಎಷ್ಟೇ ದಕ್ಷನಾಗಿದ್ದರೂ ಅವನು ಉತ್ತರ ಹೇಳಬೇಕಾದುದು ಮೇಲಿನವರಿಗೆ. ಓಣಿಯ ಜನರಿಗೆ ಉತ್ತರ ಹೇಳಬೇಕಾದವನು ಅವರಿಂದ ಮತ ಪಡೆದವನು ಮಾತ್ರ. ಎರಡನೆಯದಾಗಿ ಬೇಕಾದುದು ಪುರಸಭೆಯ ಸ್ವಂತ ವರಮಾನ. ಮೇಲಿಂದ ಬರುವ ಅನುದಾನದ ದೊಡ್ಡ ಭಾಗ ಇಂಥದಕ್ಕೇ ಖರ್ಚಾಗಬೇಕೆಂಬ ಕಟ್ಟಳೆಯೊಡನೆ ಬರುತ್ತದೆ. ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆಗಳ ಬಾಡಿಗೆ, ಸಂತೆಯ ಹರಾಜು, ಇವುಗಳ ಹಣದಲ್ಲಿಯೇ ಊರಿನ ಇಚ್ಛೆಗೆ ಅವಕಾಶ. ತೆರಿಗೆಯನ್ನು ಬಾಕಿ ಉಳಿಸಿಕೊಂಡವನ ಪ್ರಶ್ನೆಗೆ ಬಲವಿರುವುದಿಲ್ಲ. ಸಕಾಲದಲ್ಲಿ ಕಟ್ಟಿದವನ ಪ್ರಶ್ನೆಯಿಂದ ಪುರಸಭೆ ನುಣುಚಿಕೊಳ್ಳಲಾಗದು.

ಹೀಗೆ ಲೆಕ್ಕ ಒಪ್ಪಿಸುವ ವಾರ್ಡಿನ ಸಭೆ ಪಕ್ಷಕಲಹದ ಅಖಾಡವಾಗುವುದೆಂದು ಕೆಲವರು ಶಂಕಿಸಬಹುದು. ಶಂಕೆ ಅಕಾರಣವಲ್ಲ, ಮೊದಲ ಕೆಲವು ಸಭೆಗಳಲ್ಲಿ ಕೂಗಾಟವೇ ಹೆಚ್ಚಾಗಬಹುದು. ಆದರೆ ಇಂದು ಚಹಾದಂಗಡಿಯಲ್ಲಿ ನಿರಾಧಾರವಾಗಿ ನಡೆಯುವ ಟೀಕೆ ಅಲ್ಲಿ ಲೆಕ್ಕಪುಸ್ತಕದ ಎದುರು ನಡೆಯುತ್ತದೆ, ಮತ್ತು ಅಂಕಿಗಳ ಎದುರಿಗೆ ಮಾತನಾಡುವ ಅಭ್ಯಾಸವೇ ಪೌರಶಿಕ್ಷಣದ ಮೊದಲ ಪಾಠ. ವರ್ಷಕ್ಕೆ ಎರಡು ಬಾರಿ, ವಾರ್ಡಿನ ಶಾಲೆಯಲ್ಲಿ, ಸದಸ್ಯನೂ ಮುಖ್ಯಾಧಿಕಾರಿಯೂ ಕುಳಿತು, ಎಷ್ಟು ತೆರಿಗೆ ಬಂದಿತು, ಯಾವ ಕಾಮಗಾರಿಗೆ ಎಷ್ಟು ಬಿಲ್ಲು ಪಾವತಿಯಾಯಿತು, ಯಾವ ಬೀದಿಗೆ ಎಷ್ಟು ದಿನ ನೀರು ಬಂದಿತು ಎಂಬುದನ್ನು ಓದಿ ಹೇಳಲಿ. ಶಾಸನಸಭೆ 1964ರ ಅಧಿನಿಯಮಕ್ಕೆ ತಿದ್ದುಪಡಿ ತಂದು ಇದನ್ನು ಎಲ್ಲ ಪುರಸಭೆಗಳಿಗೂ ಕಡ್ಡಾಯಗೊಳಿಸಲಿ. ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ: ತನ್ನ ಜನರನ್ನು ಕರೆದು ಲೆಕ್ಕ ಒಪ್ಪಿಸುವ ಪುರಸಭೆಯನ್ನು ತಡೆಯುವ ಕಾನೂನು ಈ ದೇಶದಲ್ಲಿ ಯಾವುದೂ ಇಲ್ಲ.