ಕುಂದಗೋಳದ ಉತ್ಸವದಲ್ಲಿ ಜಾಝ್ ಕೊಳಲಿಗೂ ಜಾಗವಿರಲಿ

ಬೇರೆ ಬೇರೆ ಸಂಗೀತಗಳನ್ನು ಬೆರೆಸುವ ಫ್ಯೂಜನ್ ಎಂದೊಡನೆ ಮೂಗು ಮುರಿಯುವವರು ಧಾರವಾಡ ಸೀಮೆಯಲ್ಲಿ ಕಡಿಮೆಯೇನಿಲ್ಲ. ಇದು ಹಿಂದೂಸ್ತಾನಿ ಖಯಾಲ್ ಗಾಯನದ ನೆಲ ಎಂಬ ಅಭಿಮಾನ ತಪ್ಪಲ್ಲ. ಆದರೆ ಅದರ ಬೇರು ಕೆದಕಿದರೆ ಸಿಗುವುದೂ ಬೆರಕೆಯೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಬಂದುಹೋಗುತ್ತ ಕರ್ನಾಟಕ ಸಂಗೀತದ ಸರಿಗಮದ ಸೊಗಸನ್ನು ತಮ್ಮದಾಗಿಸಿಕೊಂಡವರು. ಶಿಷ್ಯ ಸವಾಯಿ ಗಂಧರ್ವರ ಮೂಲಕ ಆ ಗಾಯನ ಕುಂದಗೋಳ ತಲುಪಿತು. ಅಲ್ಲಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಕಂಠಕ್ಕೆ.

ಧಾರವಾಡದಲ್ಲಿ ಹುಟ್ಟಿದ ಪ್ರವೀಣ್ ಗೋಡ್ಖಿಂಡಿ ಮಾಡುತ್ತಿರುವುದೂ ಇಂಥ ಬೆರಕೆಯನ್ನೇ. ತಂದೆ ವೆಂಕಟೇಶ ಗೋಡ್ಖಿಂಡಿಯವರಿಂದ ಕಲಿತ ಹಿಂದೂಸ್ತಾನಿ ಬಾನ್ಸುರಿಯನ್ನು ಅವರು ಫ್ಯೂಜನ್ ವೇದಿಕೆಗೂ ಒಯ್ದರು. ಸಲೀಸಿನ ಕೆಲಸವಲ್ಲ. ಬಿದಿರಿನ ಕೊಳಲಿಗೆ ಒಂದೇ ಶ್ರುತಿ. ಫ್ಯೂಜನ್‌ನಲ್ಲಿ ಜೊತೆಯಾಗುವ ಜಾಝ್ ನಡುನಡುವೆ ಶ್ರುತಿಯ ನೆಲೆ ಬದಲಿಸುತ್ತದೆ. ಅರ್ಧ ರಂಧ್ರ ಮುಚ್ಚಿ ಸ್ವರ ಹೊಂದಿಸಬೇಕು, ಇಲ್ಲವೇ ಕೊಳಲನ್ನೇ ಬದಲಿಸಬೇಕು.

ರಾಗ ಗಟ್ಟಿಯಿಲ್ಲದವರ ಫ್ಯೂಜನ್ ಬರೀ ಗದ್ದಲ, ಒಪ್ಪೋಣ. ಗಟ್ಟಿಯಿದ್ದವರದು ಬೇರೆ. ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 1983ರಲ್ಲಿ ‘ಜ್ಯೋತಿ’ ಆಲ್ಬಂ ತಂದಾಗ ಸ್ಯಾಕ್ಸೊಫೋನ್ ಜೊತೆ ಕೊಳಲನ್ನೂ ನುಡಿಸಿದ್ದರು, ಆರ್.ಎ. ರಮಾಮಣಿಯವರ ಗಾಯನ ತನ್ನ ಕರ್ನಾಟಕ ಶೈಲಿ ಬಿಡಲಿಲ್ಲ.

ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದಲ್ಲಿ ಸಂಗೀತೋತ್ಸವ ನಡೆಸುವವರು ಇಂಥ ಕೊಳಲಿಗೂ ಒಂದು ತಾಸು ಕೊಡಲಿ. ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಹುಡುಗರು ಕೇಳಿ ತಾವೇ ತೀರ್ಮಾನಿಸಲಿ.