ಬೇರೆ ಲೋಕದ ಆ ‘ಫೋಟೋ’ ನಿಜವಾಗಿಯೂ ಫೋಟೋನಾ?

ಬಣ್ಣಬಣ್ಣದ ಗ್ರಹ, ಕೆಳಗೆ ‘ನಾಸಾ ತೆಗೆದ ಫೋಟೋ’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇವುಗಳಲ್ಲಿ ಹಲವು ಫೋಟೋ ಅಲ್ಲ, ಕಲಾವಿದರು ಬರೆದ ಚಿತ್ರ.

ಹಾಗಾದರೆ ಮೋಸವೇ? ಅಲ್ಲ. ಸುರಪುರದ ಚಿಕಣಿ ಚಿತ್ರದಲ್ಲಿ ದೇವರಿಗೆ ಬಂಗಾರದ ಕೆಲಸ ಇರುತ್ತದೆ. ಅದನ್ನು ಯಾರೂ ಫೋಟೋ ಎನ್ನುವುದಿಲ್ಲ. ಬಾಹ್ಯಾಕಾಶದ ಚಿತ್ರವೂ ಹಾಗೆಯೇ. ಅಂಗೈಯಗಲದ ಕ್ಯಾನ್ವಾಸ್, ಕಪ್ಪು ಬಣ್ಣ, ಹಳೆಯ ಟೂತ್‌ಬ್ರಷ್‌ನಿಂದ ಚಿಮುಕಿಸಿದ ಬಿಳಿ ಚುಕ್ಕೆಗಳು ಸಾಕು. ಯಾದಗಿರಿಯಲ್ಲೋ ಶಹಾಪುರದಲ್ಲೋ ಮನೆಯಲ್ಲೇ ಕೂತು ಬರೆಯಬಹುದು. ತೈಲವರ್ಣಕ್ಕೆ ಸಾಮಾನ್ಯವಾಗಿ ಬೆರೆಸುವುದು ನಾವು ಚಟ್ನಿ ಮಾಡುವ ಅಗಸಿಯ ಎಣ್ಣೆಯನ್ನೇ. ಅದು ನೀರಿನಂತೆ ಆವಿಯಾಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ.

1944ರಲ್ಲಿ ‘ಲೈಫ್’ ಪತ್ರಿಕೆಗೆ ಚೆಸ್ಲಿ ಬಾನ್‌ಸ್ಟೆಲ್ ಟೈಟನ್‌ನಿಂದ ಕಾಣುವ ಶನಿಯನ್ನು ನೀಲಿ ಆಕಾಶದಲ್ಲಿ ಬರೆದರು. 2005ರಲ್ಲಿ ಹೈಗನ್ಸ್ ನೌಕೆ ಅಲ್ಲಿ ಇಳಿದಾಗ ಕಂಡದ್ದು ಕಿತ್ತಳೆ ಬಣ್ಣದ ಮಬ್ಬು.

2017ರಲ್ಲಿ ನಾಸಾ ಟ್ರ್ಯಾಪಿಸ್ಟ್-1ರ ಏಳು ಗ್ರಹಗಳ ಚಿತ್ರ ಪ್ರಕಟಿಸಿತು. ಅವು ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿವೆ. ದೂರದರ್ಶಕಕ್ಕೆ ಸಿಕ್ಕಿದ್ದು ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ತುಸು ಕುಂದಿದ್ದು ಮಾತ್ರ. ಬಂಡೆ, ನೀರು, ಬಣ್ಣ ಎಲ್ಲ ಕಲಾವಿದರ ಊಹೆ.

ಪರೀಕ್ಷಿಸುವುದು ಹೇಗೆ?

- ಗೂಗಲ್ ಲೆನ್ಸ್‌ನಲ್ಲಿ ಮೂಲ ಪುಟ ಹುಡುಕಿ.
- ‘ಕಲಾವಿದರ ಕಲ್ಪನೆ’ ಎಂಬ ಅರ್ಥದ ಸಾಲು ಇದೆಯೇ ನೋಡಿ. ಫಾರ್ವರ್ಡ್ ಆಗುವಾಗ ಉದುರಿಹೋಗುವುದು ಇದೇ ಸಾಲು.

ಚಿತ್ರವನ್ನು ಫೋಟೋ ಎಂದು ಹಂಚಿದರೆ ಏನು ನಷ್ಟ? ನಿಜ ತಿಳಿದ ದಿನ ಜನ ಚಂದ್ರಯಾನ ಕಳಿಸಿದ ಅಸಲಿ ಫೋಟೋವನ್ನೂ ಸುಳ್ಳು ಎನ್ನಬಹುದು. ಚೆಂದ ಅನಿಸಿದರೆ ಧಾರಾಳವಾಗಿ ಹಂಚಿ. ‘ಇದು ಕಲ್ಪನೆಯ ಚಿತ್ರ’ ಎಂದು ಸೇರಿಸಿ.