‘ನಾಳೆ ಬಾ’ ಅಂದದ್ದು ಯಾರಿಗೆ?

ಅಕ್ಕಾ, ವೈನಿ, ಇವತ್ತ ಜಗಳಾನ ತಗೀತೀನಿ. 1990ರ ದಶಕದಾಗ ಬೆಂಗಳೂರಾಗ, ಹಳ್ಳಿಗೋಳಾಗ ಬಾಗಲಿಗೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ನೆನಪದನು? ರಾತ್ರಿ ಹೆಣ್ಣುದೆವ್ವ ಬಂದು ನಮ್ಮವರ ದನಿಯೊಳಗ ಕರೀತದ, ತಗದ್ರ ಸತ್ತಂಗ. 2018ರಾಗ ಹಿಂದಿಯವರು ಇಂಥಾದ್ದನ್ನ ‘ಸ್ತ್ರೀ’ ಅಂತ ಸಿನಿಮಾ ಮಾಡಿ ನಗಿಸಿದ್ರು. ನನಗ ನಗು ಬರಲಿಲ್ಲ.

ದೆವ್ವ ಖರೇನೋ ಸುಳ್ಳೋ, ಹಾಳಾಗಿ ಹೋಗ್ಲಿ. ಕಥಿ ಕಲಿಸಿದ್ದೇನು? ಹೊತ್ತಲ್ಲದ ಹೊತ್ತಿನಾಗ ಹೆಣಮಗಳು ಬಾಗಲಾ ಬಡದ್ರ ತಗೀಬ್ಯಾಡ್ರಿ ಅಂತ. ನಮ್ಮ ಓಣ್ಯಾಗ ಗಂಡನ ಕೈಯಾಗ ಹೊಡತಾ ತಿಂದಾಕಿ ಒಬ್ಬಾಕಿ ಮೂರು ಮನಿ ಬಾಗಲಾ ಬಡದ್ಲು. ಲೈಟ್ ಹತ್ತಿದ್ವು, ಚಿಲಕಾ ಸರೀಲಿಲ್ಲ. ಮೊದಲನೇ ಬಾಗಲಾ ನಮ್ಮದು.

ಹುಡುಗ್ರಿಗೆ ಈ ಕಥಿ ಇನ್ನ ಹೇಳಬ್ಯಾಡ್ರಿ.